ಮೊದಲನೇ ಸೋಮವಾರದ ಸಜ್ಜಕ

ಮೊನ್ನೆ ಮೊಮ್ಮಗ ಹೊಟ್ಟೆ ಕಟ್ಟಿಕೊಂಡು ಎರಡು ದಿನ ಮನೆಯನ್ನೆಲ್ಲ ರಂಪ ಮಾಡಿದ. ಸೊಸೆ ಡಾಕ್ಟರಿಗೆ ಫೋನ್ ಹಚ್ಚಲು ಹೊರಟಿದ್ದಳು. "ಸುಮ್ನಿರವ್ವಾ, ಇಷ್ಟಕ್ಕೆಲ್ಲ ಡಾಕ್ಟರ್ ಯಾಕ" ಎಂದು ಬೈದು, ಒಂದು ಹಿಡಿ ಒಣದ್ರಾಕ್ಷಿ ತೊಳೆದು ನೀರಿಗೆ ಹಾಕಿ ಒಲೆಯ ಮೇಲಿಟ್ಟೆ. ಐದು ನಿಮಿಷಕ್ಕೆ ನೀರು ಕಂದುಬಣ್ಣಕ್ಕೆ ತಿರುಗಿತು. ಆ ಮಂದವಾದ ಸಿಹಿ ವಾಸನೆ ಅಡುಗೆಮನೆ ತುಂಬಿದ್ದೇ ತಡ, ನಾನು ಸೌಟು ಹಿಡಿದವಳು ಹಿಡಿದಂತೆಯೇ ನಿಂತುಬಿಟ್ಟೆ. "ಅತ್ತೀ, ಉಕ್ಕಾಕತ್ತೈತಿ ನೋಡ್ರಿ! ಯಾಕ, ಕಣ್ಣಾಗ ನೀರು ಯಾಕ ಬಂತ್ರಿ?" ಎಂದು ಸೊಸೆ ಕೇಳಿದಳು. "ಏನಿಲ್ಲ, ಹೊಗೆ" ಎಂದೆ. ಗ್ಯಾಸ್ ಒಲೆಗೆ ಎಲ್ಲಿಯ ಹೊಗೆ! ಸುಳ್ಳು ಬಿಡುವ ವಿಷಯದಲ್ಲಿ ನಾನಿನ್ನೂ ಪೂರ್ತಿ ಸುಧಾರಿಸಿಲ್ಲ. ಸುವಾರ್ತಮ್ಮ ಎಂಬ ಮುದುಕಿ ಬದುಕಿದ್ದು ಈ ಮಾತು ಕೇಳಿದ್ದರೆ ಅಲ್ಲಿಯೇ ಹಿಡಿದು ಕೂರಿಸುತ್ತಿದ್ದಳು.

ಅದು ಗಣಿಯ ಹುಚ್ಚು ನೆತ್ತಿಗೇರಿದ್ದ ಕಾಲ. ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳಾದ ನನ್ನನ್ನು ಸಂಡೂರಿನ ಕಡೆಯ ಒಂದು ಹಳ್ಳಿ ಶಾಲೆಗೆ ಹಾಕಿದ್ದರು. ಏಕೋಪಾಧ್ಯಾಯ ಶಾಲೆ. ಪಾಠ ಹೇಳುವವಳು, ಗಂಟೆ ಬಾರಿಸುವವಳು, ಮೇಲಿನವರಿಗೆ ಕಾಗದ ಬರೆಯುವವಳು ಎಲ್ಲ ನಾನೇ. ಶಾಲೆಯ ಮುಂದಿನ ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಹುಡುಗರ ಬಿಳಿ ಅಂಗಿ, ಗೌಡರ ಎಮ್ಮೆ, ನನ್ನ ಹಾಜರಿ ಪುಸ್ತಕ ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ಶೇಂಗಾ ಬೆಳೆಯುತ್ತಿದ್ದ ಹೊಲಗಳಲ್ಲಿ ಲಾರಿ ನಿಂತಿದ್ದವು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಜೀಪಿನಿಂದ ಇಳಿಯುತ್ತಿದ್ದ. ಯಾರನ್ನು ಮಾತಾಡಿಸಿದರೂ ಜಲ್ದಿ ಜಲ್ದಿ ಎನ್ನುವವರೇ.

ಶಾಲೆಯ ಪಕ್ಕದಲ್ಲೇ ಇದ್ದ ನನ್ನ ಬಾಡಿಗೆ ಖೋಲಿಯ ಹಿಂದುಗಡೆ ದಾನಪ್ಪನ ಪಂಕ್ಚರ್ ಅಂಗಡಿ ಇತ್ತು, ಮನೆಯೂ ಅದೇ. ಅದರ ಹಿಂದೆ ಒಂದು ತಗಡಿನ ಶೆಡ್ಡು. ಶಿಲುಬೆ ಇಲ್ಲ, ಬೋರ್ಡು ಇಲ್ಲ, ಪಾದ್ರಿ ಅಂತ ಒಬ್ಬರಿಲ್ಲ. ಬೇವಿನ ಕೊಂಬೆಗೆ ಲಾರಿಯ ಹಳೇ ರಿಮ್ ತೂಗುಹಾಕಿದ್ದರು. ಭಾನುವಾರ ಬೆಳಿಗ್ಗೆ ದಾನಪ್ಪ ಅದಕ್ಕೆ ಕಬ್ಬಿಣದ ಸಲಾಕೆಯಿಂದ ಮೂರು ಏಟು ಹಾಕಿದರೆ ಅದೇ ಅವರ ಗಂಟೆ. ಅದಿರು ಜರಡಿ ಹಿಡಿಯುವ ಹೆಂಗಸರು, ಲಾರಿ ಕ್ಲೀನರುಗಳು, ಮೆಟ್ರಿಯಿಂದ ಕೂಲಿಗೆ ಬಂದ ಎರಡು ಮನೆಯವರು, ಎಲ್ಲ ಸೇರಿ ಇಪ್ಪತ್ತೈದು ಮೂವತ್ತು ಜನ ಚಪ್ಪಲಿ ಹೊರಗೆ ಬಿಟ್ಟು, ಗೋಣಿತಾಟಿನ ಮೇಲೆ ಕೂತು ಹಾಡುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು, ಜೊತೆಗೆ ಒಂದು ಢೋಲಕ್. ಆಮೇಲೆ ಎಲ್ಲರೂ ಒಟ್ಟಿಗೇ ದನಿಯೆತ್ತಿ ಪ್ರಾರ್ಥನೆ. ನನಗೋ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಉಸಿರು ಕೇಳಿಸದಂತೆ ಪೂಜೆ ಮಾಡುತ್ತಿದ್ದ ಅಪ್ಪನನ್ನು ನೋಡಿ ಬೆಳೆದ ಅಭ್ಯಾಸ. "ಇದೇನು ಪ್ರಾರ್ಥನೆಯೋ ಸಂತೆಯೋ" ಎಂದು ಗೊಣಗುತ್ತಿದ್ದೆ.

ಆದರೆ ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ? ಕೇಳುತ್ತ ಕೇಳುತ್ತ ಒಂದು ಸಂಗತಿ ತಿಳಿಯಿತು. ಅಲ್ಲಿ ಯಾರೂ ತಮ್ಮ ಕಷ್ಟವನ್ನು ತಾವೇ ದೇವರ ಮುಂದಿಡುವಂತಿರಲಿಲ್ಲ. ಮೊದಲು ಪಕ್ಕದಲ್ಲಿ ಕೂತವರಿಗೆ ಹೇಳಬೇಕು. ಅವರ ಕಷ್ಟವನ್ನು ಇವರು, ಇವರದನ್ನು ಅವರು ಬೇಡಿಕೊಳ್ಳಬೇಕು. ಒಬ್ಬ ಲಾರಿ ಕ್ಲೀನರ್, ಜರಡಿ ಹಿಡಿಯುವ ಹುಡುಗಿಯೊಬ್ಬಳ ಹೆರಿಗೆ ಸಲೀಸಾಗಲೆಂದು ಕಣ್ಣೀರು ಹಾಕಿ ಬೇಡುತ್ತಿದ್ದುದನ್ನು ನಾನು ಕಿಟಕಿಯಿಂದ ಕೇಳಿದ್ದೇನೆ. ಅವಳು ಅವನಿಗೆ ಏನೂ ಆಗಬೇಕಾದವಳಲ್ಲ, ಬರೇ ಪಕ್ಕದ ಗೋಣಿತಾಟಿನವಳು.

ಇದನ್ನೆಲ್ಲ ಶುರು ಮಾಡಿದವಳು ದಾನಪ್ಪನ ತಾಯಿ ಸುವಾರ್ತಮ್ಮ. ವಯಸ್ಸಿನಲ್ಲಿ ತಲೆಯ ಮೇಲೆ ಅದಿರಿನ ಬುಟ್ಟಿ ಹೊತ್ತವಳು. ಈಗ ಎದೆ ತುಂಬ ಕೆಮ್ಮು. ದಾನಪ್ಪನ ಹೆಂಡತಿ ಕರುಣಮ್ಮ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಓದು ಬರಹ ಬಾರದು, ಆದರೆ ಗಂಡ ಓದಿ ಹೇಳಿದ ವಾಕ್ಯಗಳನ್ನು ಪುಟಗಟ್ಟಲೆ ಬಾಯಲ್ಲಿ ಹೇಳುತ್ತಿದ್ದಳು. ಅಡುಗೆಯಲ್ಲಿ ಕೈ ಮಸ್ತ್. ಹುಡುಗರಿಗೆ ಬಡಿಸುವ ಮೊದಲು ಟೀಚರು ಒಂದು ತುತ್ತು ತಿಂದು ನೋಡಿ, ರುಚಿ ಪುಸ್ತಕದಲ್ಲಿ ಅಂದಿನ ಅಡುಗೆ ಬರೆದು ಸಹಿ ಹಾಕಬೇಕೆಂಬ ನಿಯಮವಿತ್ತು. ಆ ನಿಯಮ ಮಾಡಿದ ಪುಣ್ಯಾತ್ಮನನ್ನು ನಾನು ದಿನಾ ಮಧ್ಯಾಹ್ನ ಹರಸುತ್ತಿದ್ದೆ.

ಆ ವರ್ಷದ ಶ್ರಾವಣದಲ್ಲಿ ಡ್ಯಾಂ ತುಂಬಿತು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿದ್ದ ನನ್ನ ತಂಗಿ, "ಎಲ್ಲಾ ಗೇಟೂ ಬಿಟ್ಟಾರ, ಬಾರಕ್ಕ" ಎಂದು ಹೇಳಿ ಕಳಿಸಿದಳು. ಮರುದಿನ ಶಾಲೆ ನೋಡಿಕೊಳ್ಳಿರೆಂದು ದೊಡ್ಡ ಹುಡುಗರಿಗೆ ಹೇಳಿ, ಸೋಮವಾರ ಸಂಜೆಯೇ ಬಸ್ಸು ಹತ್ತಿದೆ. ಮಂಗಳವಾರ ಇಡೀ ದಿನ ತಂಗಿಯ ಮಕ್ಕಳ ಜೊತೆ ನೀರಿನ ತುಂತುರಿನಲ್ಲಿ ನೆನೆದು, ಮಿರ್ಚಿ ತಿಂದು, ಆ ಕೆಂಪು ಧೂಳನ್ನೆಲ್ಲ ತೊಳೆದುಕೊಂಡು ಬಂದೆ. ರಜೆ ಅರ್ಜಿ ಬರೆದಿರಲಿಲ್ಲ. ಬುಧವಾರ ಶಾಲೆಗೆ ಬಂದವಳೇ ಮಂಗಳವಾರದ ಹಾಜರಿಗೂ ಸಹಿ ಹಾಕಿದೆ. ರುಚಿ ಪುಸ್ತಕದಲ್ಲಿ ಮಂಗಳವಾರದ ಸಾಲು ಖಾಲಿ ಇತ್ತು. 'ಪಲಾವು, ರುಚಿಯಾಗಿದೆ' ಎಂದು ಬರೆದೆ. ಇಷ್ಟರಲ್ಲಿ ಏನು ಮಹಾ ಅಂತ ನನ್ನ ಭಾವನೆ.

ವಾರದೊಳಗೆ ಮೇಲಿನ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಒಳ್ಳೆಯ ಮೂಡಿನಲ್ಲಿದ್ದರು. ರುಚಿ ಪುಸ್ತಕ ತಿರುವಿಹಾಕುತ್ತ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತರು.

"ಏನಮ್ಮಾ, ಮಂಗಳವಾರ ಪಲಾವು ಮಾಡಿದ್ದೆಯಂತಲ್ಲ. ಟೀಚರ್ ತಿಂದು ಏನಂದ್ರು?"

ಕರುಣಮ್ಮ ಸೆರಗು ಸರಿಮಾಡಿಕೊಂಡು, "ಅವತ್ತು ಟೀಚರ್ ಬಂದಿದ್ದಿಲ್ರಿ ಸಾಹೇಬ್ರ" ಎಂದಳು.

ಸಿಕ್ಕಿಬಿದ್ದೆ. ಆದರೆ ನಾಲಿಗೆ ನನ್ನದಲ್ಲವೇ, ಅದು ಸುಮ್ಮನಿರಲಿಲ್ಲ. "ಸಾರ್, ಆಕೀಗೆ ಅಕ್ಷರ ಬರಂಗಿಲ್ರಿ. ವಾರದ ದಿನಾನೂ ಸರಿ ಗೊತ್ತಾಗಂಗಿಲ್ಲ. ಭಾನುವಾರ ಒಂದು ಬಿಟ್ರ ಉಳದಿದ್ದು ಆರೂ ದಿನ ಆಕೀಗೆ ಒಂದ" ಎಂದು ನಕ್ಕೆ. ಸಾಹೇಬರು ನಕ್ಕರು. ಅವರು ನಕ್ಕರೆಂದು ಹುಡುಗರೆಲ್ಲ ನಕ್ಕರು. "ದಿನಾ ಗೊತ್ತಿಲ್ಲಂದ್ರ ಬಾಯಿ ಮುಚ್ಕೊಂಡಿರಬೇಕಮ್ಮಾ, ಒಬ್ಬರ ಹೊಟ್ಟಿ ಮ್ಯಾಲ ಹೊಡೀಬಾರ್ದು" ಎಂದು ಆಕೆಯನ್ನೇ ಗದರಿಸಿ ಹೋದರು. ಕರುಣಮ್ಮ ನನ್ನ ಮುಖವನ್ನು ಒಮ್ಮೆ ನೋಡಿ ಒಲೆಯ ಕಡೆ ತಿರುಗಿದಳು.

ನನಗೆ ಬರಬೇಕಾಗಿದ್ದದ್ದು ನಾಚಿಕೆ. ಬಂದದ್ದು ಸಿಟ್ಟು. ಏನು ಕೊಬ್ಬು ಇವಳಿಗೆ, ಹೂಂ ಅಂದಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ಕುದಿಯುತ್ತಿದ್ದೆ. ಅಂದಿನಿಂದ ಆಕೆಯ ಜೊತೆ ಮಾತು ಬಿಟ್ಟೆ. ತಟ್ಟೆ ಚಾಚುವುದು, ತುತ್ತು ತಿನ್ನುವುದು, ಸಹಿ ಹಾಕುವುದು, ಅಷ್ಟೇ.

ಎಂಟು ದಿನಕ್ಕೆ ಕರುಣಮ್ಮ ನನ್ನ ಖೋಲಿಯ ಬಾಗಿಲಿಗೆ ಬಂದಳು. "ಟೀಚರ್, ನನ್ಮ್ಯಾಗ ಸಿಟ್ಟಾಗೀರೇನ್ರಿ?"

"ಸಿಟ್ಟಾ? ನಂಗ್ಯಾಕ ಸಿಟ್ಟು? ಹೋಗು, ನಂಗ ಕೆಲಸ ಐತಿ."

ಆಕೆ "ಆತ್ರಿ" ಎಂದು ಹೋದಳು. ಮುಂದಿನ ತಿಂಗಳು ಹಿತ್ತಿಲಿನ ನಾಲ್ಕು ಹೀರೇಕಾಯಿ ಹಿಡಿದು ಬಂದಳು, ಅದೇ ಪ್ರಶ್ನೆ. ನನ್ನದು ಅದೇ ಉತ್ತರ. ಆಮೇಲೆ ದಾನಪ್ಪನೇ ಬಂದ. ಗ್ರೀಸಿನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, "ಮೇಡಂ, ನಮ್ಮಾಕಿ ಮ್ಯಾಲ ಏನಾರ ಇದ್ರ ಹೊಟ್ಟ್ಯಾಗ ಹಾಕ್ಕೋರಿ" ಎಂದ. "ನಂದೇನೂ ಇಲ್ಲಪ್ಪ" ಎಂದೆ. ಕೆಲಸ ಹೋದೀತೆಂದು ಹೆದರಿದ್ದಾರೆ, ಹೆದರಲಿ ಬಿಡು ಎಂದು ಒಳಗೊಳಗೇ ಖುಷಿ ಬೇರೆ.

ಪ್ರತಿ ತಿಂಗಳ ಮೊದಲ ಭಾನುವಾರ ಆ ಶೆಡ್ಡಿನ ಒಲೆಯಿಂದ ದ್ರಾಕ್ಷಿ ಕುದಿಯುವ ವಾಸನೆ ನನ್ನ ಕಿಟಕಿಗೆ ಬರುತ್ತಿತ್ತು. ಪಾಯಸದ ಊಟ ಹೊಡೆಯುತ್ತಾರೆ, ಪಕ್ಕದ ಮನೆಯವಳಿಗೆ ಒಂದು ಬಟ್ಟಲು ಕಳಿಸುವ ಪದ್ಧತಿಯಿಲ್ಲ ಎಂದುಕೊಳ್ಳುತ್ತಿದ್ದೆ. ಆದರೆ ಈಗೀಗ ಮರುದಿನ ಸೋಮವಾರ ಶಾಲೆಯಲ್ಲಿ ಅನ್ನ ಸಾರಿನ ಜೊತೆಗೆ ಸಜ್ಜಕ ಇರುತ್ತಿತ್ತು. ಗೋಧಿ ನುಚ್ಚು, ಬೆಲ್ಲ, ಮೇಲೆ ಉಬ್ಬಿಕೊಂಡ ದ್ರಾಕ್ಷಿ. ಸರ್ಕಾರದ ಪಟ್ಟಿಯಲ್ಲಿ ಸಜ್ಜಕ ಇರಲಿಲ್ಲ. ಕರುಣಮ್ಮ ಮನೆಯಿಂದ ತರುತ್ತಿದ್ದಳು. ಹುಡುಗರು ತಟ್ಟೆ ನೆಕ್ಕುತ್ತಿದ್ದರು. ಸಿಟ್ಟೇನಿದ್ದರೂ ನಾನು ಒಂದು ತುತ್ತಿನ ಬದಲು ಒಂದು ಬಟ್ಟಲು ರುಚಿ ನೋಡುತ್ತಿದ್ದೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಮೂರು ತಿಂಗಳೂ ಹೀಗೇ ಆಯಿತು.

ಡಿಸೆಂಬರಿನ ಸೋಮವಾರ ನಾಲ್ಕನೇ ಬಾರಿ ಸಜ್ಜಕ ಬಂತು. ಚಳಿ ಶುರುವಾಗಿತ್ತು. ಹಿಂದಿನ ಶೆಡ್ಡಿನಿಂದ ಮುದುಕಿಯ ಕೆಮ್ಮು ಶಾಲೆಯವರೆಗೂ ಕೇಳುತ್ತಿತ್ತು. ಎರಡು ಚಮಚ ತಿಂದು, ತಡೆಯಲಾರದೆ ಕೇಳಿಬಿಟ್ಟೆ: "ಅಲ್ಲ, ಇದು ಮೊದಲನೇ ಸೋಮವಾರಕ್ಕ ಯಾಕ ಬರ್ತೈತಿ?"

ಕರುಣಮ್ಮ ಸೌಟು ತೊಳೆದಳು, ಮತ್ತೆ ತೊಳೆದಳು.

"ಕೇಳಿದ್ದು ನಿನಗ."

"ಕೇಳಬ್ಯಾಡ್ರಿ ಟೀಚರ್. ಕೇಳಿದ್ರ ನಾ ಹೇಳಬೇಕಾಕ್ಕೈತಿ."

"ಹೇಳು ಮತ್ತ."

ಆಕೆ ಹೇಳಿದಳು. ತಿಂಗಳ ಮೊದಲ ಭಾನುವಾರ ಅವರು ಒಂದು ಖಡಕ್ ಜೋಳದ ರೊಟ್ಟಿ ಮುರಿದು ಎಲ್ಲರೂ ಒಂದೊಂದು ಚೂರು ತಿಂದು, ದ್ರಾಕ್ಷಿ ಕುದಿಸಿದ ನೀರನ್ನು ಒಂದೇ ಚೊಂಬಿನಿಂದ ಕುಡಿಯುತ್ತಾರೆ. ಅವರ ಆರಾಧನೆಯಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಆದರೆ ಒಂದು ಕಟ್ಟುಪಾಡು. ತಮ್ಮಲ್ಲಿ ಯಾರ ಮೇಲಾದರೂ ಯಾರಿಗಾದರೂ ಮುನಿಸಿದ್ದರೆ, ಆ ಮುನಿದವರು ಯಾವ ಜಾತಿಯವರಾಗಲಿ, ಯಾವ ದೇವರಿಗೆ ಕೈಮುಗಿಯುವವರಾಗಲಿ, ಅದು ಬಗೆಹರಿಯುವವರೆಗೆ ರೊಟ್ಟಿ ಮುರಿಯುವಂತಿಲ್ಲ. ತಿಂದರೆ ಎಲ್ಲರೂ ತಿನ್ನಬೇಕು, ಇಲ್ಲವಾದರೆ ಒಬ್ಬರೂ ಇಲ್ಲ. ಪ್ರತಿ ಸಲವೂ ಆಸೆಯಿಂದ ರೊಟ್ಟಿ ತಟ್ಟಿ, ದ್ರಾಕ್ಷಿ ಕುದಿಸಿ, ಬಿಳಿ ವಸ್ತ್ರ ಮುಚ್ಚಿ ಇಡುತ್ತಾರೆ. ಸುವಾರ್ತಮ್ಮ ಸೊಸೆಯನ್ನು ಕೇಳುತ್ತಾಳೆ, "ಟೀಚರವ್ವನ ಸಿಟ್ಟು ಹೋತೇನು?" ಕರುಣಮ್ಮ ಸುಳ್ಳು ಹೇಳುವಂತಿಲ್ಲ, ಇಲ್ಲವೆಂದು ತಲೆಯಾಡಿಸುತ್ತಾಳೆ. ಮುಚ್ಚಿದ್ದನ್ನು ಹಾಗೆಯೇ ಎತ್ತಿಡುತ್ತಾರೆ. ದೇವರ ಮುಂದೆ ಇಟ್ಟದ್ದನ್ನು ಚೆಲ್ಲಬಾರದು, ಮಕ್ಕಳಿಗೆ ಕೊಡು ಎಂದು ಮುದುಕಿ ಹೇಳಿದ್ದರಿಂದ ಆ ದ್ರಾಕ್ಷಿ, ಆ ನೀರು ಸಜ್ಜಕವಾಗಿ ಶಾಲೆಗೆ ಬರುತ್ತಿತ್ತು.

ನನ್ನ ಬಾಯಲ್ಲಿ ಇನ್ನೂ ಒಂದು ದ್ರಾಕ್ಷಿ ಇತ್ತು. ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

"ನಂಗ ಸಿಟ್ಟಿಲ್ಲ ಅಂತ ಮೂರು ಸಲ ಹೇಳೀನಲ್ಲ!"

"ಬಾಯಿಲೆ ಹೇಳೀರಿ. ನೀವು ಹೇಳಿದ್ದು ಖರೇ ಅಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು" ಎಂದಳು, ತೀರಾ ಮೆತ್ತಗೆ. "ನಮ್ಮತ್ತೀಗೆ ಭಾಳ ದಿನ ಇಲ್ರಿ. ಎದಿಯಾಗ ಉಸಿರ ನಿಲ್ಲವಲ್ದು. ಹೋಗೂಕಿಂತ ಮುಂಚೆ ಒಂದ್ಸಲ ರೊಟ್ಟಿ ತಗೋಬೇಕು ಅಂತ ಜೀವ ಹಿಡ್ಕೊಂಡಾಳ. ನಾನೊಬ್ಬಾಕಿ ಬಿಡ್ತೀನಿ, ನೀ ತಗೋ ಅಂದ್ರ ಒಲ್ಲೆ ಅಂತಾಳ. ಹಿಂದಕ ಅವರಣ್ಣನ ಜೋಡಿ ಹನ್ನೆರಡು ವರ್ಷ ಮಾತು ಬಿಟ್ಟಿದ್ಲಂತ. ಮಾತಾಡ್ಸಬೇಕು ಅಂತ ಹೊಂಟ ದಿನಾನ ಆತ ತೀರಿಕೊಂಡ. ಅವತ್ತಿಂದ ಈ ಕಟ್ಟು."

ಆ ವಾರವೆಲ್ಲ ನಾನು ನನ್ನೊಳಗೇ ಜಗಳವಾಡಿದೆ. ಇದೇನು ಬ್ಲ್ಯಾಕ್‌ಮೇಲು? ಇವರ ದೇವರ ಪ್ರಸಾದಕ್ಕೂ ನನ್ನ ಸಿಟ್ಟಿಗೂ ಏನು ಸಂಬಂಧ? ನಾನು ಬಿಡಿ ಅಂದೆನೇ, ತಿನ್ನಬೇಡಿ ಅಂದೆನೇ? ಹೀಗೆಲ್ಲ ಅಂದುಕೊಳ್ಳುವಾಗ ಹಿಂದಿನಿಂದ ಆ ಕೆಮ್ಮು ಕೇಳುತ್ತಿತ್ತು. ಭಾನುವಾರ ರಿಮ್ಮಿನ ಮೂರು ಏಟು ಕೇಳಿದಾಗ ಅಂಗಡಿಯಿಂದ ಒಂದು ಪೊಟ್ಟಣ ದ್ರಾಕ್ಷಿ ತಂದು, ಜರಿಯಂಚಿನ ಸೀರೆಯುಟ್ಟು ಹೋದೆ. ಉಪಕಾರ ಮಾಡಲು ಹೊರಟವಳ ಠೀವಿ ನನ್ನದು.

ಹಾಡು ನಿಂತಿತು. ಸುವಾರ್ತಮ್ಮ ಮುಂದುಗಡೆ ಕೌದಿ ಹೊದ್ದು ಒಂದು ಟೈರಿಗೆ ಒರಗಿದ್ದಳು. ಹಕ್ಕಿಮರಿಯಷ್ಟಾಗಿದ್ದಳು.

"ಬಾ ಟೀಚರವ್ವಾ, ಕುಂದ್ರು. ಕೈಯಾಗೇನು?"

"ದ್ರಾಕ್ಷಿ. ನಂಗೇನೂ ಸಿಟ್ಟಿಲ್ಲ ಅಂತ ಎಲ್ಲರ ಮುಂದ ಹೇಳಾಕ ಬಂದೀನಿ. ನೀವಿನ್ನ ರೊಟ್ಟಿ ತಗೋಬಹುದು" ಎಂದೆ, ಹುಡುಗರಿಗೆ ನೀರು ಕುಡಿಯಲು ಬಿಡುವಂತೆ.

ಮುದುಕಿ ಕೆಮ್ಮಿ ಸುಧಾರಿಸಿಕೊಂಡಳು. "ಇದು ನಾಕನೇ ಸಲ ಆತಲ್ಲವ್ವಾ ಈ ಮಾತು. ಬ್ಯಾಸರ ಮಾಡ್ಕೋಬ್ಯಾಡ. ನಡುವ ಸುಳ್ಳು ಇಟಗೊಂಡು ಮುರದ್ರ ಅದು ಬರೇ ರೊಟ್ಟಿ ಆಕ್ಕೈತಿ. ಬರೇ ರೊಟ್ಟಿ ನಮ್ಮ ಮನ್ಯಾಗ ದಿನಾ ಐತಿ."

ಮೈಯೆಲ್ಲ ಉರಿದುಹೋಯಿತು. ಪೊಟ್ಟಣವನ್ನು ಅಲ್ಲಿಯೇ ಇಟ್ಟು ದಡಬಡ ಹೊರಟೆ. ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕೆಮ್ಮು, ಈ ಸಲ ನಿಲ್ಲುವ ಲಕ್ಷಣವೇ ಇಲ್ಲ. ತಿರುಗಿ ನೋಡಿದೆ. ಕರುಣಮ್ಮ ಅತ್ತೆಯ ಬೆನ್ನು ಉಜ್ಜುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಒಂದಿಷ್ಟಾದರೂ ದೂರು ಇದ್ದಿದ್ದರೆ ನಾನು ಹೋಗಿಯೇಬಿಡುತ್ತಿದ್ದೆ. ಇರಲಿಲ್ಲ. ಸಾಹೇಬರ ಮುಂದೆ ನಾನು ನಗೆಪಾಟಲು ಮಾಡಿದ ಹೆಂಗಸು ನಾಲ್ಕು ತಿಂಗಳಿಂದ ನನ್ನ ಬಾಗಿಲಿಗೆ ಬಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು. ತಿರುಗಿ ಒಳಗೆ ಬಂದೆ.

"ಆ ಮಂಗಳವಾರ ನಾನು ಸಾಲಿಗೆ ಬಂದಿದ್ದಿಲ್ಲ" ಎಂದೆ. ಮನೆಪಾಠ ಮಾಡದೆ ಬಂದ ಹುಡುಗಿಯ ದನಿ ಅದು. "ಡ್ಯಾಂ ನೋಡಾಕ ಹೋಗಿದ್ದೆ. ಮರುದಿನ ಬಂದು ಕಳ್ಳ ಸಹಿ ಹಾಕಿದೆ. ಕರುಣಮ್ಮ ಖರೇ ಹೇಳಿದ್ಲು. ನಾನು ಆಕೀಗೆ ದಿನಾನ ಗೊತ್ತಾಗಂಗಿಲ್ಲ ಅಂತ ಎಲ್ಲರ ಮುಂದ ಅಂದೆ. ಸಿಟ್ಟಿತ್ತು. ಈಗೂ ಐತಿ. ಆಕೀ ಮ್ಯಾಲೋ ನನ್ನ ಮ್ಯಾಲೋ ತಿಳೀವಲ್ದು."

ಸುವಾರ್ತಮ್ಮ ಕಣ್ಣು ಮುಚ್ಚಿಕೊಂಡಳು. "ದಾನಪ್ಪಾ, ದ್ರಾಕ್ಷಿ ಒಲಿ ಮ್ಯಾಲ ಇಡಪ್ಪಾ" ಎಂದಳು.

ಅಂದು ಎರಡನೇ ಭಾನುವಾರ, ರೊಟ್ಟಿ ತಟ್ಟಿರಲಿಲ್ಲ. ಮೆಟ್ರಿಯವರ ಬುತ್ತಿಯಿಂದ ಒಂದು ಖಡಕ್ ರೊಟ್ಟಿ ಸಿಕ್ಕಿತು. ದ್ರಾಕ್ಷಿ ಕುದಿಯುವವರೆಗೆ ಕಾಯಬೇಕಿತ್ತು. ಅಷ್ಟು ಹೊತ್ತೂ ಅವರು ಮೆಲುದನಿಯಲ್ಲಿ ಹಾಡಿದರು. ನಾನು ಮುದುಕಿಯ ಎದೆಯನ್ನೇ ನೋಡುತ್ತ, ಇನ್ನೊಂದು ಉಸಿರು, ಇನ್ನೊಂದು ಉಸಿರು ಎಂದು ನನ್ನ ಶಿವನನ್ನು ಬೇಡಿದೆ. ಇನ್ನೊಬ್ಬರಿಗಾಗಿ ಹಾಗೆ ಬೇಡಿದ್ದು ಅದೇ ಮೊದಲು.

ಮುನಿಸಿಗೆ ಕಾರಣವಾದವರೇ ರೊಟ್ಟಿಯ ತಟ್ಟೆ ಹಿಡಿಯಬೇಕು ಎಂಬುದು ಇನ್ನೊಂದು ಪದ್ಧತಿಯಂತೆ. ನಾನು ಹಿಂಜರಿದೆ. "ತಿನ್ನು ಅನ್ನಂಗಿಲ್ಲ ನಿನಗ. ಕೊಳ್ಳಾಗ ನಿನ್ನ ದೇವರು ಅದಾನ. ಹಿಡಿ, ಸಾಕು" ಎಂದಳು ಸುವಾರ್ತಮ್ಮ. ದಾನಪ್ಪ ಮುರಿದ ರೊಟ್ಟಿಯ ಸಪ್ಪಳ ಇಡೀ ಶೆಡ್ಡಿಗೆ ಕೇಳಿಸಿತು. ಒಬ್ಬೊಬ್ಬರಾಗಿ ಬಂದು ಒಂದೊಂದು ಚೂರು ತೆಗೆದುಕೊಂಡರು. ಜರಡಿ ಹಿಡಿದು ಬಿರಿದ ಕೈಗಳು, ಗ್ರೀಸು ಹೋಗದ ಕೈಗಳು. ನಾಲ್ಕು ತಿಂಗಳು ನನ್ನ ದೆಸೆಯಿಂದ ಕಾದವರು, ಒಬ್ಬರ ಮುಖದಲ್ಲೂ ಗಂಟಿರಲಿಲ್ಲ. ಮುದುಕಿಗೆ ಚೂರನ್ನು ದ್ರಾಕ್ಷಿ ನೀರಿನಲ್ಲಿ ನೆನೆಸಿ ಕೊಟ್ಟರು. ಆಕೆ ಅದನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಿದ್ದಳು. ಕೊನೆಗೆ ಕರುಣಮ್ಮ ಬಂದಳು.

"ತಪ್ಪಾತು" ಎಂದೆ.

ಆಕೆ ಎರಡೂ ಕೈಯಲ್ಲಿ ಚೂರು ತೆಗೆದುಕೊಂಡು, ನನಗಷ್ಟೇ ಕೇಳುವಂತೆ, "ಮಂಗಳವಾರ ಪಲಾವು ಮಾಡಿದ್ದಿಲ್ರಿ ಟೀಚರ್. ಚಿತ್ರಾನ್ನ ಮಾಡಿದ್ದೆ" ಎಂದಳು. ಅಳುತ್ತಿದ್ದ ನನಗೆ ನಗು ಬಂದು, ತಟ್ಟೆ ಅಲುಗಾಡಿತು.

ಮರುದಿನ ರುಚಿ ಪುಸ್ತಕದಲ್ಲಿ ಪಲಾವು ಹೊಡೆದುಹಾಕಿ, ಸಂಡೂರಿನ ಆಫೀಸಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ. ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಂತು. ಸಾಹೇಬರು ಶಾಲೆಗೆ ಬಂದು ಅದೇ ಹುಡುಗರ ಮುಂದೆ ಕರುಣಮ್ಮನಿಗೆ, "ನಿಂದ ಖರೇ ಇತ್ತಮ್ಮಾ" ಎಂದರು. ಆ ಮಾತಿಗೆ ಹೋಲಿಸಿದರೆ ಕೆಂಪು ಸಾಲು ಏನೂ ಅಲ್ಲ. ನಿವೃತ್ತಿಯ ದಿನ ಎಲ್ಲರೂ ಹೊಗಳಿದರು, ನನಗೆ ಮಾತ್ರ ಆ ಸಾಲಿನ ಮೇಲೆಯೇ ಅಭಿಮಾನ.

ಸುವಾರ್ತಮ್ಮ ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮುಂಚೆ ತೀರಿಕೊಂಡಳು. ಮಣ್ಣಿಗೆ ಹೋದವರಲ್ಲಿ ನಾನೂ ಇದ್ದೆ.

ಜನವರಿ ಬಂತು. ಮೊದಲನೇ ಭಾನುವಾರ ದ್ರಾಕ್ಷಿಯ ವಾಸನೆ ಕಿಟಕಿಗೆ ಬಂತು. ಆಮೇಲೆ ರೊಟ್ಟಿ ಮುರಿದ ಸಪ್ಪಳವೂ ಕೇಳಿಸಿತು ಅಂತ ನಾನು ಈಗಲೂ ಸಾಧಿಸುತ್ತೇನೆ. ಸೋಮವಾರ ಮಧ್ಯಾಹ್ನ ಹುಡುಗರು ಸಾಲಾಗಿ ಕೂತು ಪಾತ್ರೆಗಳ ಕಡೆ ಕತ್ತು ಚಾಚಿದರು. ಅನ್ನ, ಸಾರು. ಅಷ್ಟೇ.

"ಟೀಚರ್, ಸಜ್ಜಕ ಇಲ್ಲೇನ್ರಿ?" ಎಂದು ಒಬ್ಬ ಕೇಳಿದ. ಉಳಿದವರೂ ಶುರು ಮಾಡಿದರು.

ನಾನು ಕರುಣಮ್ಮನನ್ನು ನೋಡಿದೆ. ಆಕೆ ಸೌಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇಲ್ಲಲೇ. ಉಳಿದಿಲ್ಲ" ಎಂದೆ. ಬರೀ ಅನ್ನ ಸಾರನ್ನು ಒಂದು ತುತ್ತು ತಿಂದೆ. ರುಚಿ ಪುಸ್ತಕ ತೆರೆದು, ದಿನ ಸೋಮವಾರ ಎಂದು ಬರೆದು, ಸಹಿ ಹಾಕಿದೆ.